ಹಡಗುಬಡಗಿಯ ಕೊಡಲಿಗೆ ಹೊಳಪೇಕೆ?

ಪುರಾತನ ವಸ್ತುಗಳ ವಿಷಯದಲ್ಲಿ ಪಶ್ಚಿಮದ ಸ್ಥಿತಿವಂತರಿಗೆ ಇರುವ ಮೋಹವು ಚಿತ್ರಪಟ, ಪಿಂಗಾಣಿ, ಗಡಿಯಾರಗಳ ಎಲ್ಲೆಯನ್ನು ದಾಟಿ, ಒಂದು ಕಾಲದಲ್ಲಿ ಯಾರೂ ಹಜಾರದೊಳಕ್ಕೆ ತರಲೊಲ್ಲದಿದ್ದ ಕೈಕಸುಬಿನವರ ಆಯುಧಗಳನ್ನೂ ಮುಟ್ಟಿ ಬಹುಕಾಲವಾಯಿತು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹಡಗು ಕಟ್ಟುವ ಬಡಗಿಗಳು ನೂರು, ನೂರೈವತ್ತು ವರ್ಷಗಳ ಹಿಂದೆ ಹಿಡಿದು ದುಡಿದ, ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ ಕೈಯಿಂದ ಬಡಿದು ರೂಪಿಸಿದ ಕೊಡಲಿ, ಬಾಚಿ, ಉಳಿಗಳನ್ನು ಇಂದು ಅಲ್ಲಿ ಹುಡುಕಿಕೊಂಡು ಹೋಗಿ ಕೊಳ್ಳುವವರುಂಟು. ಕೊಂಡವರಲ್ಲಿ ಬಹುಮಂದಿ ಮೊದಲು ಮಾಡುವ ಕೆಲಸವೆಂದರೆ ವಿದ್ಯುತ್ತಿನಿಂದ ತಿರುಗುವ ತಂತಿಯ ಚಕ್ರಕ್ಕೆ ಅದನ್ನು ಒಡ್ಡಿ ತುಕ್ಕನ್ನೆಲ್ಲ ಕಿತ್ತು, ಬಾಯಿಯನ್ನು ಹೊಸದಾಗಿ ಮಸೆದು, ಹಳೆಯ ಕಾವನ್ನು ಎಸೆದು ಹೊಸ ಕಾವಿಗೆ ವಾರ್ನಿಷ್ ಬಳಿದು, ಅಗ್ಗಿಷ್ಟಿಕೆಯ ಮೇಲಿನ ಗೋಡೆಗೆ ತೂಗುಹಾಕುವುದು. ಈ ಅಭಿಮಾನದ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ನೂರು ವರ್ಷಗಳ ತುಕ್ಕು ಅಳಿಸದೆ ಉಳಿಸಿದ್ದನ್ನು ಅಭಿಮಾನಿಯ ಒಂದು ಅಪರಾಹ್ಣದ ಉತ್ಸಾಹವು ಅಳಿಸಿಹಾಕುತ್ತಿದೆ ಎಂಬುದನ್ನೂ, ಇದಕ್ಕೆ ಪ್ರತಿಯಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುವುದಷ್ಟೇ ಸಾಲದು ಎಂಬುದನ್ನೂ ಹೇಳದೆ ಇರಲಾರೆ.

ಮಾತು ಸ್ಪಷ್ಟವಾಗಬೇಕಾದರೆ ಆ ಉಪಕರಣಗಳ ಸ್ವರೂಪವನ್ನು ಮೊದಲು ತಿಳಿಯಬೇಕು. ಹಡಗುಬಡಗಿಯ ಕೆಲಸ ಮನೆ ಕಟ್ಟುವ ಬಡಗಿಯ ಕೆಲಸದಂಥದಲ್ಲ. ಮನೆಯ ಮರ ನೆಟ್ಟಗೆ ನಿಲ್ಲಬೇಕು ಇಲ್ಲವೆ ಅಡ್ಡಲಾಗಿ ಮಲಗಬೇಕು. ಮೂಲೆಮಟ್ಟವೊಂದು ಕೈಯಲ್ಲಿದ್ದರೆ ಅರ್ಧ ಕೆಲಸ ನಿಶ್ಚಿಂತೆಯಿಂದ ಸಾಗುತ್ತದೆ. ಹಡಗಿನಲ್ಲಿಯೋ ಸರಳರೇಖೆಯೇ ದುರ್ಲಭ. ತಳದ ಉದ್ದಕ್ಕೂ ಬೆನ್ನೆಲುಬಾಗಿ ಮಲಗಿರುವ ಅಡಿಮರದಿಂದ ಎರಡು ಪಕ್ಕಕ್ಕೂ ಬಾಗಿ ಏಳುವ ಪಕ್ಕೆಮರಗಳಲ್ಲಿ ಒಂದರ ಬಾಗು ಮತ್ತೊಂದಕ್ಕಿಲ್ಲ. ನಡುಭಾಗದಿಂದ ಮುಂದಣ ಮೂತಿಯ ಕಡೆಗೆ ಹೋಗುತ್ತ ಹೋಗುತ್ತ ಪ್ರತಿಯೊಂದು ಮರದ ಮುಖವೂ ಬೇರೆ ಬೇರೆ ಕೋನಕ್ಕೆ ತಿರುಗುತ್ತದೆ. ಒಂದೇ ಮರದಲ್ಲಿ ಕೆಳಗಿನ ಕೋನ ಮೇಲಕ್ಕೆ ಬರುವ ಹೊತ್ತಿಗೆ ಬದಲಾಗಿರುತ್ತದೆ. ಯಂತ್ರದ ಗರಗಸ ಬರುವುದಕ್ಕೆ ಮುಂಚೆ ಇಂತಹ ಮೇಲ್ಮೈಯನ್ನು ತೆಗೆಯಬಲ್ಲ ಮುಖ್ಯ ಸಾಧನಗಳು ಎರಡೇ ಆಗಿದ್ದವು, ಕೊಡಲಿ ಮತ್ತು ಬಾಚಿ.

ಹಡಗುಕಟ್ಟೆಯ ಕೊಡಲಿ ಮರ ಕಡಿಯುವ ಕೊಡಲಿಯಲ್ಲ. ಅದರ ಬಾಯಿ ಗೇಣಿನಷ್ಟು ಅಗಲವಾಗಿರುವುದುಂಟು. ಅನೇಕ ಕೊಡಲಿಗಳಿಗೆ ಒಂದು ಮಗ್ಗುಲು ಹಲಗೆಯಂತೆ ಸಪಾಟು, ಇನ್ನೊಂದು ಮಗ್ಗುಲು ಮಾತ್ರ ಇಳಿಜಾರು. ಸಪಾಟಾದ ಮಗ್ಗುಲು ಮರಕ್ಕೆ ಒರಗಿಕೊಂಡು ಜಾರುವುದರಿಂದ ಏಟು ಮರದೊಳಕ್ಕೆ ನುಗ್ಗದೆ ಗೆರೆಯನ್ನು ಹಿಡಿದೇ ಇಳಿಯುತ್ತದೆ. ಕೆಲಸಗಾರನ ಬೆರಳ ಗಿಣ್ಣುಗಳು ಮರಕ್ಕೆ ಉಜ್ಜದಿರಲೆಂದು ಕಾವನ್ನು ಒಂದು ಪಕ್ಕಕ್ಕೆ ಬಾಗಿಸಿ ತೊಡಿಸಿರುತ್ತಾರೆ. ಮರದ ಮೇಲೆ ಬಣ್ಣದ ದಾರದಿಂದ ಗೆರೆ ಹೊಡೆದು, ಸಾಮಾನ್ಯ ಕೊಡಲಿಯಿಂದ ಆ ಗೆರೆಯವರೆಗೆ ಅಲ್ಲಲ್ಲಿ ಕಚ್ಚುಹಾಕಿ, ಕಚ್ಚುಗಳ ನಡುವಣ ತುಂಡುಗಳನ್ನು ಹಾರಿಸಿ, ಕಡೆಗೆ ಅಗಲಬಾಯಿಯ ಕೊಡಲಿಯಿಂದ ಸವರುತ್ತ ಬಂದರೆ, ಹದಬಲ್ಲವನ ಕೈಯಲ್ಲಿ ಅದು ತೋಪಡ ಹಾಕಿದ ಮರದ ಮಟ್ಟಕ್ಕೆ ಸಮೀಪವಾಗಿಯೇ ಹೊರಬರುತ್ತದೆ.

ಬಾಚಿಯ ಪ್ರಯೋಗ ಇನ್ನೂ ನೋಡತಕ್ಕದ್ದು. ಕೆಲಸಗಾರನು ಮರದ ಮೇಲೆಯೋ ಮರವನ್ನು ಕಾಲುಗಳ ನಡುವೆ ಇರಿಸಿಕೊಂಡೋ ನಿಂತು, ಬಾಚಿಯನ್ನು ತನ್ನ ಪಾದಗಳ ಕಡೆಗೇ ಬೀಸಿ, ಹೆಬ್ಬೆರಳಿನ ಪಕ್ಕದಿಂದ ಕಾಗದದಷ್ಟು ತೆಳುವಾದ ಚಕ್ಕೆಯನ್ನು ಎಬ್ಬಿಸುತ್ತಾನೆ. ನೋಡುವವನ ಎದೆ ಝಲ್ಲೆನ್ನುವ ಈ ಕೆಲಸವನ್ನು ಅವನು ಮಾತಾಡುತ್ತಲೇ ಮಾಡುತ್ತಾನೆ. ಹಡಗುಬಡಗಿಯ ಬಾಚಿಯ ಹಿಂಬದಿಯಲ್ಲಿ ಮೊಳೆಯ ಹಾಗೆ ಚಾಚಿಕೊಂಡಿರುವ ಒಂದು ಮೊನೆಯುಂಟು, ಅಲಂಕಾರವೆಂದು ಭಾವಿಸುವವರಿದ್ದಾರೆ. ಹಲಗೆಯಲ್ಲಿ ತಲೆ ಎತ್ತಿಕೊಂಡಿರುವ ಹಳೆಯ ಮೊಳೆಯೊಂದು ಬಾಚಿಯ ಬಾಯಿಗೆ ಸಿಕ್ಕಿದರೆ ಒಂದು ದಿನದ ಮಸೆತ ವ್ಯರ್ಥವಾಗುತ್ತದೆ. ಆದಕಾರಣ ಬಾಚಿಯನ್ನು ತಿರುಗಿಸಿ ಆ ಮೊನೆಯಿಂದ ಮೊಳೆಯನ್ನು ಮರದೊಳಕ್ಕೆ ಅದುಮಿ ಮುಂದುವರಿಯುವುದು ರೂಢಿ. ಬಾಯಿಯ ಎರಡು ಅಂಚುಗಳನ್ನೂ ತುಸು ಮೇಲಕ್ಕೆ ಮಡಿಸಿದ ಬಾಚಿಯೂ ಉಂಟು. ಎಳೆಗೆ ಅಡ್ಡಲಾಗಿ ಕೆತ್ತುವಾಗ ಮರ ಸೀಳಿಕೊಳ್ಳದಂತೆ ಆ ಅಂಚುಗಳು ಮೊದಲೇ ಎಳೆಯನ್ನು ಕತ್ತರಿಸಿಕೊಡುತ್ತವೆ.

ಅಮೆರಿಕದ ಹಡಗುಕಟ್ಟೆಗಳವರು ಸ್ಲಿಕ್ ಎಂದು ಕರೆಯುತ್ತಿದ್ದ ಉಳಿಯು ಎರಡು ಅಡಿಗೂ ಮೀರಿದ ಉದ್ದದ್ದು, ಮೂರು ನಾಲ್ಕು ಅಂಗುಲ ಅಗಲದ್ದು. ಅದನ್ನು ಕೊಡತಿಯಿಂದ ಹೊಡೆಯುವಂತಿಲ್ಲ, ಹಿಡಿಯ ತುದಿಯನ್ನು ಅಂಗೈಗೋ ಭುಜಕ್ಕೋ ಆನಿಸಿ ಮೈಯ ಭಾರದಿಂದ ನೂಕಬೇಕು. ಹಲಗೆಗಳ ಸಂದಿಗೆ ಹಳೆಯ ಹಗ್ಗದ ನಾರನ್ನು ತುರುಕುವವರ ಕಸುಬು ಬೇರೆಯೇ. ಅವರ ಕೊಡತಿಯ ತಲೆಯಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಏಟಿಗೆ ಅದು ಘಂಟೆಯಂತೆ ನಾದ ಕೊಡುತ್ತದೆ, ನಾರು ಸಂದಿಯಲ್ಲಿ ಬಿಗಿಯಾಗುತ್ತ ಬಂದಂತೆ ನಾದ ಬದಲಾಗುತ್ತದೆ, ಅನುಭವಸ್ಥನು ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುತ್ತಾನೆ.

ಇನ್ನು ಈ ಆಯುಧಗಳ ಒಡಲಿನ ವಿಚಾರ. 19ನೆಯ ಶತಮಾನದ ನಡುಭಾಗದವರೆಗೆ ಉಕ್ಕು ದುಬಾರಿಯಾದ ಪದಾರ್ಥವಾಗಿತ್ತು. ಅದನ್ನು ಅಗ್ಗವಾಗಿ ತಯಾರಿಸುವ ಬೆಸೆಮರನ ವಿಧಾನ ಬಂದದ್ದು 1856ರಲ್ಲಿ. ಅಲ್ಲಿಯವರೆಗೆ ಕೊಡಲಿಯನ್ನು ಪೂರ್ತಿಯಾಗಿ ಉಕ್ಕಿನಿಂದ ಮಾಡುವ ಶಕ್ತಿ ಯಾವ ಕಮ್ಮಾರನಿಗೂ ಇರಲಿಲ್ಲ. ಇದ್ದರೂ ಅವನು ಮಾಡುತ್ತಿರಲಿಲ್ಲ, ಏಕೆಂದರೆ ಹದಗೊಂಡ ಉಕ್ಕು ಗಡುಸು, ಆದರೆ ಪೆಡಸು. ಏಟಿಗೆ ಬಿರುಕು ಬಿಟ್ಟೀತು. ಮೆದುಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಕಾವು ತೊಡಿಸುವ ಕಣ್ಣಿಗೆ ಎಡೆಬಿಟ್ಟು ಮಡಿಸಿ, ಮಡಿಕೆಯ ಬಾಯಲ್ಲಿ ಉಕ್ಕಿನ ತೆಳುವಾದ ತುಂಡೊಂದನ್ನು ಇರಿಸಿ, ಬಿಳಿಗಾವಿಗೆ ತಂದು, ಮರಳನ್ನೋ ಬಿಳಿಗಾರವನ್ನೋ ಎರಚಿ, ಮಡಿಕೆಯ ಎರಡು ಮಗ್ಗುಲನ್ನೂ ಉಕ್ಕನ್ನೂ ಒಂದಾಗಿ ಬೆಸೆಯುತ್ತಿದ್ದರು. ಕಾವು ತುಸು ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ತುಸು ಹೆಚ್ಚಾದರೆ ಉಕ್ಕು ಸುಟ್ಟು ನಿರುಪಯುಕ್ತವಾಗುತ್ತದೆ. ಈ ಎರಡರ ನಡುವಣ ಕ್ಷಣವನ್ನು ಬಣ್ಣದಿಂದ ಗುರುತಿಸುವುದೇ ವಿದ್ಯೆ. ಬಳಿಕ ಬಾಯಿಯನ್ನು ಕಾಯಿಸಿ ನೀರಿಗೆ ಅದ್ದಿ ಗಡುಸುಗೊಳಿಸಿ, ಮತ್ತೆ ಮೆಲ್ಲನೆ ಕಾಯಿಸುತ್ತ, ಉಜ್ಜಿ ಬೆಳಗಿದ ಲೋಹದ ಮೇಲೆ ಒಣಹುಲ್ಲಿನ ಬಣ್ಣವೋ ಕೆನ್ನೇರಳೆಯೋ ಹರಿದುಬರುವುದನ್ನು ಕಾದಿದ್ದು ಮತ್ತೆ ಅದ್ದಿದರೆ ಹದ ಕುದುರಿತು. ನಮ್ಮ ಹಳ್ಳಿಯ ಕುಲುಮೆಯಲ್ಲಿ ಕುಳ ಹಣಿಸಲು ಕುಳಿತು ನೋಡಿದವರಿಗೆ ಇದೆಲ್ಲ ಅಪರಿಚಿತವಾಗಲಾರದು. ಬಾಯಿ ಸವೆದುಹೋದಾಗ ಕೊಡಲಿಯನ್ನು ಎಸೆಯುತ್ತಲೂ ಇರಲಿಲ್ಲ. ಕಮ್ಮಾರನ ಬಳಿಗೆ ಒಯ್ದು ಹೊಸ ಉಕ್ಕು ಹಾಕಿಸುತ್ತಿದ್ದರು. ಒಂದೇ ಕೊಡಲಿಯಲ್ಲಿ ತಂದೆಯ ಕಾಲದ ಕಬ್ಬಿಣವೂ ಮಗನ ಕಾಲದ ಉಕ್ಕೂ ಒಟ್ಟಾಗಿರುವುದು ಅಪೂರ್ವವಲ್ಲ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನು 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಸಾಧಿಸಿದ ಮೇಲೆ, ಒಳ್ಳೆಯ ಆಯುಧಗಳ ಮೇಲೆ ಅದನ್ನು ಸೂಚಿಸುವ ಅಚ್ಚನ್ನು ಒತ್ತುವುದು ಪದ್ಧತಿಯಾಯಿತು. ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಹೊಸತಾಗಿರಲಿಲ್ಲವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಜನ ಚಿಕ್ಕ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಭಾರತದಿಂದ ಹೋದ ಅಂತಹ ಉಕ್ಕಿನ ಗುಟ್ಟನ್ನು ಬಿಡಿಸಲು 1820ರ ಸುಮಾರಿಗೆ ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೂ ಶ್ರಮಪಟ್ಟನು. ಅಮೆರಿಕದವರಾದರೋ ಬಹುಕಾಲ ಶೆಫೀಲ್ಡಿನ ಉಕ್ಕನ್ನೇ ತರಿಸಿಕೊಂಡು ತಮ್ಮ ಕೊಡಲಿಗಳ ಬಾಯಿಗೆ ಬೆಸೆದರು. ಕನೆಕ್ಟಿಕಟ್ ರಾಜ್ಯದಲ್ಲಿ 1826ರಲ್ಲಿ ಆರಂಭವಾದ ಕಾಲಿನ್ಸ್ ಕಾರ್ಖಾನೆಯು, 1830ರ ದಶಕದಲ್ಲಿ ಎಲೈಷಾ ರೂಟ್ ಎಂಬ ಯಂತ್ರಜ್ಞನ ಕಲ್ಪಕತೆಯಿಂದ, ಕೊಡಲಿ ಮಾಡುವ ಕೆಲಸವನ್ನು ಕ್ರಮಕ್ರಮವಾಗಿ ಯಂತ್ರಕ್ಕೆ ವಹಿಸಿತು. ಆದರೂ ಹಡಗುಬಡಗಿಗೆ ಬೇಕಾದ ವಿಚಿತ್ರ ಬಾಗುಗಳ ಆಯುಧಗಳು ಅದಾದ ಮೇಲೆಯೂ ಬಹುಕಾಲ ಸಣ್ಣ ಕುಲುಮೆಗಳಲ್ಲಿ ಹುಟ್ಟುತ್ತಲೇ ಇದ್ದವು.

ಈಗ ತಂತಿಯ ಚಕ್ರಕ್ಕೆ ಹಿಂದಿರುಗೋಣ. ಕಬ್ಬಿಣಕ್ಕೂ ಉಕ್ಕಿಗೂ ನಡುವೆ ಕೂಡಿದ ಗೆರೆ, ಅಳಿದೂ ಉಳಿದಂತಿರುವ ಕಮ್ಮಾರನ ಅಚ್ಚು, ಯಜಮಾನನು ಉಳಿಯಿಂದ ಕೊರೆದ ಎರಡು ಅಕ್ಷರ, ಎರಡನೆಯ ಬಾರಿ ಉಕ್ಕು ಹಾಕಿಸಿದ ಜಾಗದ ಉಬ್ಬು, ಇವೆಲ್ಲ ಕೂದಲೆಳೆಯಷ್ಟು ಮೇಲ್ಪದರದಲ್ಲಿರುವ ಸಂಗತಿಗಳು. ಚಕ್ರವು ಮೊದಲು ತಿನ್ನುವುದು ಅವನ್ನೇ. ವೇಗದ ಅರೆಯುವ ಯಂತ್ರ ಇದಕ್ಕಿಂತಲೂ ಕ್ರೂರ: ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾದು ನೀಲಿಗೆ ತಿರುಗಿತೆಂದರೆ, ಕಮ್ಮಾರನು ಬಣ್ಣ ನೋಡಿ ನೋಡಿ ಕೂಡಿಸಿದ ಹದ ಅಲ್ಲಿಗೆ ಮುಗಿಯಿತು. ಆಮೇಲೆ ಅದು ಕೊಡಲಿಯ ಆಕಾರದ ಕಬ್ಬಿಣವೇ ಹೊರತು ಕೊಡಲಿಯಲ್ಲ. ಇಂತಹದಕ್ಕೆ ಹೆಚ್ಚಿನ ಬೆಲೆ ತೆರುವವರನ್ನು ಕಂಡಾಗ, ತಾಳೆಗರಿಯ ಓಲೆಯನ್ನು ಸ್ವಚ್ಛಮಾಡುತ್ತೇನೆಂದು ಅಕ್ಷರಗಳನ್ನೇ ಕೆರೆದುಹಾಕಿದವನ ನೆನಪಾಗುತ್ತದೆ.

ಅತಿಯಾಯಿತೆಂದು ಆಕ್ಷೇಪಿಸಬಹುದು: ಒಂದು ಕೊಡಲಿಯ ಕಲೆಗಳಿಂದ ಲೋಕಕ್ಕೇನು? ಇದಕ್ಕೆ ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಉತ್ತರವಿದೆ. ಅಲ್ಲಿನ ಕಡಲಚಾಚಿನಲ್ಲಿ 11ನೆಯ ಶತಮಾನದಲ್ಲಿ ಶತ್ರುಗಳ ದಾರಿ ಕಟ್ಟಲೆಂದು ಮುಳುಗಿಸಿದ್ದ ಐದು ಹಡಗುಗಳ ಅವಶೇಷಗಳನ್ನು 1962ರಲ್ಲಿ ನೀರನ್ನು ತಡೆದು ನಿಲ್ಲಿಸಿ ಮೇಲೆತ್ತಿದರು. ಅವುಗಳಲ್ಲಿ ಅತ್ಯಂತ ಉದ್ದವಾದ, ಸುಮಾರು 30 ಮೀಟರಿನ ಯುದ್ಧನೌಕೆಯ ಮರ 1042ರಲ್ಲಿ ಐರ್ಲೆಂಡಿನ ಡಬ್ಲಿನ್ ಸಮೀಪದಲ್ಲಿ ಕಡಿದದ್ದೆಂದು ಮರದ ವಾರ್ಷಿಕ ಉಂಗುರಗಳಿಂದಲೇ ಗೊತ್ತಾಯಿತು. ಆ ಹಲಗೆಗಳ ಮೇಲೆ ಗರಗಸದ ಗುರುತಿಲ್ಲ. ಇರುವುದೆಲ್ಲ ಕೊಡಲಿಯ ಏಟು. ಓಕ್ ಮರದ ದಿಮ್ಮಿಯನ್ನು ಬೆಣೆಗಳಿಂದ ತಿರುಳಿನ ಕಡೆಗೆ ಸೀಳಿ ಸೀಳಿ ತೆಗೆದ ಹೋಳುಗಳನ್ನು ಕೊಡಲಿಯಿಂದ ಸವರಿ ಹಲಗೆ ಮಾಡುತ್ತಿದ್ದರು. ಹೀಗೆ ಸೀಳಿದ ಹಲಗೆಯಲ್ಲಿ ಮರದ ಎಳೆ ತುದಿಯಿಂದ ತುದಿಗೆ ತುಂಡಾಗದೆ ಹರಿದಿರುತ್ತದೆ; ಗರಗಸವು ಎಳೆಯನ್ನು ಲೆಕ್ಕಿಸದೆ ಕೊಯ್ದುಬಿಡುತ್ತದೆ. ಆದಕಾರಣವೇ ಆ ಹಡಗುಗಳು ತೆಳುವಾಗಿದ್ದರೂ ಗಟ್ಟಿ, ಗಟ್ಟಿಯಾಗಿದ್ದರೂ ಬಳುಕುವಂಥವು. 1880ರಲ್ಲಿ ನಾರ್ವೆಯ ಗೋಕ್‌ಸ್ಟಾಡಿನಲ್ಲಿ ಅಗೆದುತೆಗೆದ ಹಡಗಿನ ಮಾದರಿಯಲ್ಲಿ ಕಟ್ಟಿದ ನೌಕೆಯನ್ನು 1893ರಲ್ಲಿ ನಾವಿಕ ಮ್ಯಾಗ್ನಸ್ ಆಂಡರ್ಸನ್ ಅಟ್ಲಾಂಟಿಕ್ ಸಾಗರ ದಾಟಿಸಿದಾಗ, ಅಲೆಗಳ ಮೇಲೆ ಅದರ ಮೇಲಂಚು ಹಲವು ಅಂಗುಲ ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಬರುತ್ತಿದ್ದುದನ್ನು ಅವನು ಗಮನಿಸಿದ್ದನು. ಮರವನ್ನು ಅದರ ಸ್ವಭಾವವರಿತು ನಡೆಸಿಕೊಂಡ ಆಯುಧದ ಫಲ ಅದು.

ಕೊಡಲಿಯ ಬಾಯಲ್ಲಿ ಒಂದು ಸಣ್ಣ ಹಲ್ಲು ಮುರಿದಿದ್ದರೆ ಅದು ಪ್ರತಿಯೊಂದು ಏಟಿನಲ್ಲಿಯೂ ಮರದ ಮೇಲೆ ಸಣ್ಣದೊಂದು ಗೀರನ್ನು ಬಿಟ್ಟುಹೋಗುತ್ತದೆ. ಆ ಗೀರುಗಳ ಅಂತರವನ್ನು ಹೋಲಿಸಿ, ಬೇರೆ ಬೇರೆ ಮರದ ತುಂಡುಗಳ ಮೇಲೆ ದುಡಿದದ್ದು ಒಂದೇ ಕೊಡಲಿಯೇ ಅಲ್ಲವೇ ಎಂಬುದನ್ನು ಪುರಾತತ್ತ್ವಜ್ಞರು ನಿರ್ಣಯಿಸಬಲ್ಲರು. ರೋಸ್ಕಿಲ್ಡೆಯ ಹಡಗು ಸಂಗ್ರಹಾಲಯದವರು ಹಲಗೆಗಳ ಮೇಲಿನ ಏಟಿನ ಗುರುತುಗಳನ್ನೂ, ಭೂಮಿಯಿಂದ ದೊರೆತ ಆ ಕಾಲದ ಕೊಡಲಿಗಳನ್ನೂ, 1066ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಲು ನಾರ್ಮಂಡಿಯ ದೊರೆ ವಿಲಿಯಂ ಕಟ್ಟಿಸಿದ ಹಡಗುಗಳನ್ನು ತೋರಿಸುವ ಬೇಯೋ ಕಸೂತಿಯ ಚಿತ್ರಗಳನ್ನೂ ಎದುರಿಗಿಟ್ಟುಕೊಂಡು, ಹಳೆಯ ಮಾದರಿಯ ಕೊಡಲಿಗಳನ್ನು ಹೊಸದಾಗಿ ಮಾಡಿಸಿ, ಅವುಗಳಿಂದಲೇ ಆ ಯುದ್ಧನೌಕೆಯ ಪ್ರತಿರೂಪವನ್ನು ಕಟ್ಟಿದರು. 2000ದಲ್ಲಿ ಆರಂಭವಾದ ಕೆಲಸ 2004ರಲ್ಲಿ ಮುಗಿಯಿತು. 2007ರಲ್ಲಿ ಆ ಹಡಗು ಡಬ್ಲಿನ್‌ಗೆ ಹೋಗಿ, ಮರುವರ್ಷ ಹಿಂದಿರುಗಿತು. ಮೂಲ ವಸ್ತುವನ್ನು ಮುಟ್ಟದೆ, ಅದರ ವಿದ್ಯೆಯನ್ನು ಮಾತ್ರ ಕೈಗೆ ತಂದುಕೊಳ್ಳುವ ಈ ಮಾರ್ಗವನ್ನೇ ನಾನು ಶ್ಲಾಘಿಸುತ್ತಿರುವುದು.

ಇದಕ್ಕೆ ವ್ಯತಿರಿಕ್ತವಾಗಿ, ಕಾಲವೇ ಎಷ್ಟನ್ನು ಕಿತ್ತುಕೊಳ್ಳಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ‘ಮೇರಿ ರೋಸ್’ ನಿದರ್ಶನ. ಎಂಟನೆಯ ಹೆನ್ರಿಯ ಈ ನೌಕೆ 1545ರಲ್ಲಿ ಮುಳುಗಿ, 1982ರಲ್ಲಿ ಮೇಲೆ ಬಂದಿತು. ಅದರೊಳಗೆ ಹಡಗಿನ ಬಡಗಿಯ ಕೊಠಡಿಯೂ ಅವನ ಆಯುಧಗಳೂ ಸಿಕ್ಕಿದವು. ಮರದ ಕಾವುಗಳು, ತೋಪಡದ ಒಡಲುಗಳು, ಅಳತೆಗೋಲುಗಳು ಕೆಸರಿನಲ್ಲಿ ಹೂತುಹೋಗಿ ಉಳಿದುಕೊಂಡಿದ್ದವು; ಕಬ್ಬಿಣದ ಅಲಗುಗಳನ್ನು ಉಪ್ಪುನೀರು ತಿಂದುಹಾಕಿತ್ತು. ಹಿಡಿಯುವ ಭಾಗ ಉಳಿದು ಕಡಿಯುವ ಭಾಗ ಹೋದ ಆ ಆಯುಧಗಳನ್ನು ನೋಡಿದವರಿಗೆ, ಕಾವನ್ನು ಕಿತ್ತೆಸೆದು ಅಲಗನ್ನು ಮಾತ್ರ ಗೋಡೆಗೆ ಏರಿಸುವ ಸಂಗ್ರಾಹಕರ ಅವಿವೇಕ ಎದ್ದು ಕಂಡೀತು. ಯಾವ ಮರದ ಕಾವು, ಎಷ್ಟು ಬಾಗು, ಯಾವ ಕೈಗೆ ಒಗ್ಗಿ ಎಲ್ಲಿ ಸವೆದದ್ದು ಎಂಬುದೆಲ್ಲ ಅಲಗಿನಷ್ಟೇ ಮುಖ್ಯ.

ಹಳೆಯ ಆಯುಧಗಳನ್ನು ಕುರಿತು ಬರೆಯುವವರಲ್ಲಿ ಒಂದು ಬಗೆಯ ಮಧುರ ವಿಷಾದವುಂಟು: ಆ ಕಾಲದ ಶ್ರಮಕ್ಕೆ ಗೌರವವಿತ್ತು, ಕೆಲಸಗಾರನು ತನ್ನ ಕೆಲಸಕ್ಕೆ ತಾನೇ ಒಡೆಯನಾಗಿದ್ದನು, ಇತ್ಯಾದಿ. ಈ ಮಾತನ್ನು ಫ್ರೆಡರಿಕ್ ಡಗ್ಲಸ್ ಕೇಳಿದ್ದರೆ ಏನೆನ್ನುತ್ತಿದ್ದನೋ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, ಮುಂದೆ ಗುಲಾಮಗಿರಿಯ ವಿರುದ್ಧ ಆ ದೇಶವೆಲ್ಲ ಕಿವಿಗೊಟ್ಟು ಕೇಳುವಂತೆ ಮಾತನಾಡಿದ ಆ ಮಹಾಪುರುಷನು ಬಾಲ್ಟಿಮೋರಿನ ಹಡಗುಕಟ್ಟೆಗಳಲ್ಲಿ ಬೆಳೆದವನು. ಬಡಗಿಗಳು ಮರವನ್ನು ಕೊಡಲಿಯಿಂದ ಸವರಿ ಸಿದ್ಧಪಡಿಸಿದ ಮೇಲೆ ಅದು ಹಡಗಿನ ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಸೇರತಕ್ಕದ್ದೆಂದು ಅದರ ಮೇಲೆ ಅಕ್ಷರ ಬರೆಯುತ್ತಿದ್ದರು. ಓದುಬರಹ ನಿಷಿದ್ಧವಾಗಿದ್ದ ಬಾಲಕನು ಆ ನಾಲ್ಕು ಅಕ್ಷರಗಳನ್ನು ನೋಡಿ ನೋಡಿ ಬರೆಯಲು ಕಲಿತನೆಂದು ತನ್ನ ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಮುಂದೆ ಸಂದಿಗೆ ನಾರು ತುರುಕುವ ಕಸುಬನ್ನು ಕಲಿತಾಗ ಅವನ ಕೂಲಿಯನ್ನು ಧಣಿ ತೆಗೆದುಕೊಂಡನು. ಜೊತೆಯ ಬಿಳಿಯ ಕೆಲಸಗಾರರು ಅವನನ್ನು ಕಣ್ಣೊಂದು ಹೋಗಿಯೇ ಬಿಡುತ್ತದೆಂಬಷ್ಟು ಬಡಿದರು. 1838ರಲ್ಲಿ ತಪ್ಪಿಸಿಕೊಂಡು ಉತ್ತರದ ನ್ಯೂ ಬೆಡ್‌ಫರ್ಡ್ ಎಂಬ ಬಂದರಿಗೆ ಬಂದರೆ, ಕರಿಯನೊಡನೆ ಕೆಲಸ ಮಾಡೆವೆಂದು ಅಲ್ಲಿನ ಬಿಳಿಯ ಕಸುಬುದಾರರು ಹೇಳಿದ್ದರಿಂದ, ಕೈಯಲ್ಲಿ ವಿದ್ಯೆ ಇದ್ದೂ ಮರ ಸೀಳುವ, ಮೂಟೆ ಹೊರುವ ಕೂಲಿಗೆ ಹೋಗಬೇಕಾಯಿತು. ಅದೇ ನ್ಯೂ ಬೆಡ್‌ಫರ್ಡಿನಲ್ಲಿ 1841ರಲ್ಲಿ ಕಟ್ಟಿದ ‘ಚಾರ್ಲ್ಸ್ ಡಬ್ಲ್ಯು. ಮಾರ್ಗನ್’ ಎಂಬ ತಿಮಿಂಗಿಲ ಬೇಟೆಯ ಹಡಗು ಇಂದಿಗೂ ಉಳಿದಿದೆ. ಜನ ಅದನ್ನು ನೋಡಿ ಹಳೆಯ ಕಾಲದ ಕೈಗಾರಿಕೆಯನ್ನು ಕೊಂಡಾಡುತ್ತಾರೆ. ಕೊಂಡಾಡಲಿ, ಆ ಆಯುಧಗಳನ್ನು ಹಿಡಿಯಲು ಯಾರಿಗೆ ಅವಕಾಶವಿರಲಿಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಹಳೆಯ ಕಾಲವನ್ನು ಕೊಂಡಾಡುವವರು ಮರೆಯುವ ಕಾಡಿನ ಲೆಕ್ಕವೂ ಒಂದುಂಟು. 1765ರಲ್ಲಿ ನೀರಿಗಿಳಿದ, ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ನನ ‘ವಿಕ್ಟರಿ’ ನೌಕೆಗೆ ಸುಮಾರು 6,000 ಮರಗಳು ಬಿದ್ದವೆಂದು ಹೇಳುತ್ತಾರೆ, ಬಹುಪಾಲು ಓಕ್. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂದು ನಮ್ಮವರು ಗಾದೆ ಕಟ್ಟಿದ್ದು ಸುಮ್ಮನೆಯಲ್ಲ.

ಸಂಗ್ರಾಹಕರೆಲ್ಲರೂ ಒಂದೇ ಬಗೆಯವರೆಂದು ನಾನು ಹೇಳಲಾರೆ. ಪೆನ್ಸಿಲ್ವೇನಿಯದ ಹೆನ್ರಿ ಮರ್ಸರ್ 1897ರಲ್ಲಿ ಅಗ್ಗಿಷ್ಟಿಕೆಗೆ ಒಂದು ಹಳೆಯ ಇಕ್ಕುಳ ಬೇಕೆಂದು ಗುಜರಿಯವನ ಬಳಿಗೆ ಹೋದವನು, ಅಲ್ಲಿ ರಾಶಿಬಿದ್ದಿದ್ದ ಕೈಕಸುಬಿನ ಆಯುಧಗಳನ್ನು ಕಂಡು, ರಾಜರ ಕತ್ತಿಗಳಿಗಿಂತ ಈ ದೇಶವನ್ನು ಕಟ್ಟಿದ್ದು ಇವೇ ಅಲ್ಲವೆ ಎಂದು ಯೋಚಿಸಿ, ಉಳಿದ ಆಯುಷ್ಯವನ್ನು ಅವುಗಳ ಸಂಗ್ರಹಕ್ಕೆ ಮೀಸಲಿಟ್ಟನು. ಡಾಯ್ಲ್‌ಸ್ಟೌನ್ ಊರಿನಲ್ಲಿ ಅವನು ಕಾಂಕ್ರೀಟಿನಿಂದ ಕಟ್ಟಿಸಿದ ವಸ್ತುಸಂಗ್ರಹಾಲಯ 1916ರಲ್ಲಿ ಸಿದ್ಧವಾಯಿತು. ಬಡಗಿಗಳ ಪ್ರಾಚೀನ ಉಪಕರಣಗಳನ್ನು ಕುರಿತ ಅವನ ಗ್ರಂಥ 1929ರಲ್ಲಿ ಪ್ರಕಟವಾಗಿ ಇಂದಿಗೂ ಆಧಾರವಾಗಿ ನಿಂತಿದೆ. ಆಯುಧವನ್ನು ತಂದಿಡುವುದರಲ್ಲಿಯೇ ತೃಪ್ತನಾಗದೆ ಅದನ್ನು ಹಿಡಿಯುವ ಬಗೆಯನ್ನು ಕೇಳಿ ತಿಳಿದು ಬರೆದಿಟ್ಟದ್ದು ಮರ್ಸರನ ಹಿರಿಮೆ. ಆದರೂ ಗೋಡೆಗೆ ತೂಗುವ ಬಾಚಿ ಎಷ್ಟಾದರೂ ಮೂಕವೇ. ಮೇಲೆ ಹೇಳಿದ ‘ಮಾರ್ಗನ್’ ಹಡಗು 1941ರಿಂದ ಕನೆಕ್ಟಿಕಟ್‌ನ ಮಿಸ್ಟಿಕ್ ಬಂದರಿನ ಸಂಗ್ರಹಾಲಯದಲ್ಲಿದೆ. 2008ರಿಂದ 2013ರವರೆಗೆ ಅದರ ತಳಭಾಗವನ್ನು ಜೀರ್ಣೋದ್ಧಾರ ಮಾಡಿದರು. ಬಾಸ್ಟನ್ನಿನ ಹಳೆಯ ನೌಕಾಂಗಣದಲ್ಲಿ ಕಟ್ಟಡವೊಂದಕ್ಕೆ ಪಾಯ ತೋಡುವಾಗ, ಹಿಂದಿನವರು ನೀರಿನಲ್ಲಿ ಹುದುಗಿಸಿಟ್ಟು ಮರೆತಿದ್ದ ಹಡಗಿನ ಮರಗಳು ದೊರೆತು, ಅವೂ ಈ ಕೆಲಸಕ್ಕೆ ಬಂದವು. ಅಲ್ಲಿನ ಕೆಲಸಗಾರರು ವಿದ್ಯುತ್ತಿನ ಯಂತ್ರಗಳನ್ನು ದೂರವಿಟ್ಟ ವ್ರತಧಾರಿಗಳಲ್ಲ. ಆದರೆ ಬಾಗಿದ ಮರವು ಬಾಗಿದ ಮರಕ್ಕೆ ಕೂಡುವ ಕಡೆ ಬಾಚಿಯನ್ನೂ ಸ್ಲಿಕ್ಕನ್ನೂ ಹಿಡಿಯಲೇಬೇಕಾಗುತ್ತದೆ. 2014ರ ಬೇಸಿಗೆಯಲ್ಲಿ ಆ ಹಡಗು ಮತ್ತೆ ಹಾಯಿ ಬಿಚ್ಚಿ ಕಡಲಿಗೆ ಹೋಯಿತು.

ನನ್ನ ಪಕ್ಷವನ್ನು ಇಷ್ಟರಲ್ಲಿ ಹೇಳಬಹುದು. ಅಪೂರ್ವವಾದವು, ಗುರುತುಳ್ಳವು, ಇಂಥವನದೆಂದು ತಿಳಿದುಬಂದವು ಯಾರ ಕೈಯ ಹೊಳಪಿಗೂ ಸಿಕ್ಕದೆ ಇದ್ದಂತೆಯೇ ಇರಬೇಕು. ಅವುಗಳ ಪ್ರತಿರೂಪವನ್ನು ಮಾಡಿಸಿ ಕೆಲಸಕ್ಕೆ ಹಚ್ಚಬೇಕು. ಸಾವಿರಗಟ್ಟಲೆ ತಯಾರಾಗಿ ಸಾವಿರಗಟ್ಟಲೆ ಉಳಿದಿರುವ ಸಾಮಾನ್ಯ ಆಯುಧಗಳನ್ನು ಗೋಡೆಗೇರಿಸುವುದಕ್ಕಿಂತ, ನೀರಿನ ಸಾಣೆಯ ಮೇಲೆ ನಿಧಾನವಾಗಿ ಮಸೆದು, ಕಲಿಯುವ ಹುಡುಗರ ಕೈಗೆ ಕೊಡುವುದು ಮೇಲು. ಸವೆಯುತ್ತದಲ್ಲ ಎಂದರೆ, ಸವೆಯಲೆಂದೇ ಅವನ್ನು ಮಾಡಿದ್ದು. ಸವೆದ ಮೇಲೆ ಉಕ್ಕು ಹಾಕಬಲ್ಲ ಕಮ್ಮಾರನೊಬ್ಬನನ್ನೂ ಅದರ ಜೊತೆಗೆ ಬೆಳೆಸಿದರೆ ಚಿಂತೆಗೆ ಕಾರಣವಿಲ್ಲ. ಹೊಸ ಯಂತ್ರದ ಸರಕಿಗೆ ಸುತ್ತಿಗೆಯ ನಾಲ್ಕು ಗುರುತು ಮೂಡಿಸಿ ಕೈಬಡಿತದ್ದೆಂದು ಮಾರುವ ಚತುರರ ವಿಷಯವನ್ನು ನಾನು ಎತ್ತುವುದೇ ಇಲ್ಲ. ಅದನ್ನು ಕೊಳ್ಳುವವರಿಗೆ ಅದೇ ಸಾಕು.

ದೂರದೇಶದ ಈ ವಿಚಾರ ಕನ್ನಡ ಪತ್ರಿಕೆಗೇಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯಲ್ಲಿಯೇ ಇದೆ. ಮುಂಬಯಿಯ ನೌಕಾಂಗಣದಲ್ಲಿ ಪಾರಸಿ ವಾಡಿಯಾ ಮನೆತನದವರು ತೇಗದ ಮರದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಅದನ್ನು ಸವರಿ ರೂಪಿಸಿದ್ದು ಭಾರತೀಯ ಬಡಗಿಗಳ ಬಾಚಿ. ಅಜಂತೆಯ ಚಿತ್ರವೊಂದನ್ನು ಆಧರಿಸಿ, ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು ಭಾರತೀಯ ನೌಕಾಪಡೆ 2025ರ ಮೇ ತಿಂಗಳಲ್ಲಿ ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲಿ. ಅದನ್ನು ಹೊಲಿಯಲು ಕೇರಳದಲ್ಲಿ ಆ ವಿದ್ಯೆ ಬಲ್ಲ ಕೆಲವರು ಉಳಿದಿದ್ದರು, ಸದ್ಯ. ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರುಗಳ ಕಡೆ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳೂ ಉಕ್ಕಿನ ದೋಣಿಗಳೂ ಬಂದ ಮೇಲೆ ಬಾಚಿ ಹಿಡಿದ ಕೈಗಳು ಬೇರೆ ಕೆಲಸಕ್ಕೆ ಹೋದವು. ವಸ್ತುಸಂಗ್ರಹಾಲಯಗಳು ದೇವರ ಮೂರ್ತಿಗೂ ಅರಸರ ಖಡ್ಗಕ್ಕೂ ಕೊಟ್ಟ ಜಾಗದಲ್ಲಿ ಒಂದು ಮೂಲೆಯನ್ನಾದರೂ ದೋಣಿ ಕಟ್ಟುವವರ ಪೆಟ್ಟಿಗೆಗೆ ಕೊಡಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಅಲ್ಲಿಯವರೆಗೆ, ಕರಾವಳಿಯ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿಯೋ ದೋಣಿಯ ಕೊಟ್ಟಿಗೆಯಲ್ಲಿಯೋ ಅಂತಹ ಪೆಟ್ಟಿಗೆಯೊಂದಿದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ, ಅದನ್ನು ಬಳಸಿದ ಹಿರಿಯರು ಇನ್ನೂ ಇದ್ದರೆ ಅವರ ಎದುರಿಗೆ ತೆರೆದಿಡಿರಿ. ಪ್ರತಿಯೊಂದಕ್ಕೂ ಅವರು ಹೇಳುವ ಹೆಸರನ್ನೂ, ಯಾವ ಊರಿನ ಕಮ್ಮಾರನು ಮಾಡಿಕೊಟ್ಟನೆಂಬುದನ್ನೂ, ಯಾವ ದೋಣಿಗೆ ಬಳಸಿದರೆಂಬುದನ್ನೂ ಬರೆದುಕೊಳ್ಳಿರಿ. ಹಿಡಿದು ತೋರಿಸಿದರೆ ಫೋನಿನಲ್ಲಿ ಚಿತ್ರ ತೆಗೆದಿಡಿರಿ. ಮರಳುಕಾಗದ, ತಂತಿಯ ಬ್ರಷ್ಷು, ಗ್ರೈಂಡರುಗಳ ಗೊಡವೆಗೆ ಹೋಗಬೇಡಿರಿ. ಒಣಬಟ್ಟೆಯಿಂದ ಧೂಳು ಒರೆಸಿ, ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ, ಹಳೆಯ ಕಾವನ್ನು ಕೀಳದೆ, ನೆಲದ ತೇವ ತಾಗದ ಕಡೆ ಇಡಿರಿ, ಅಷ್ಟೇ ಸಾಕು.